ಬೆಳ್ಳಿಯ ಗಾಲಿ

ಮಾಸ್ತರಿಕೆಯಲ್ಲಿ ಇಪ್ಪತ್ತು ವರ್ಷ ಕಳೆದವನಿಗೆ ಹುಡುಗರ ಪ್ರಶ್ನೆಗಳ ಭಯ ಅಷ್ಟಾಗಿ ಇರುವುದಿಲ್ಲ. ಉತ್ತರ ಗೊತ್ತಿದ್ದರೆ ಹೇಳುತ್ತೇವೆ. ಗೊತ್ತಿಲ್ಲದಿದ್ದರೆ “ನಾಳೆ ಬಾ, ನೋಡಿ ಹೇಳುತ್ತೇನೆ” ಎನ್ನುತ್ತೇವೆ. ನಾಳೆಯ ಹೊತ್ತಿಗೆ ಅವನೂ ಮರೆತಿರುತ್ತಾನೆ, ನಾವೂ ಮರೆತಿರುತ್ತೇವೆ. ಆದರೆ ಹೋದ ವರ್ಷ ದೀಪಾವಳಿಯ ರಜೆಗೆ ಮುಂಚೆ, ಜಮಖಂಡಿಯ ನನ್ನ ಮನೆಯ ಪಡಸಾಲೆಯಲ್ಲಿ ಬಂದು ಕುಳಿತ ಬನಹಟ್ಟಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಯನ್ನು ನಾಳೆಗೆ ತಳ್ಳುವ ಹಾಗಿರಲಿಲ್ಲ. ಅದು ನನ್ನ ಮೇಲೆಯೇ ಇತ್ತು.

ಹುಡುಗ ಬಿ.ಎ. ಕೊನೆಯ ವರ್ಷದವನು, ಇತಿಹಾಸ ಅವನ ವಿಷಯ. ತಂದೆ ನೇಕಾರರು. ಪರೀಕ್ಷೆಗೆ ಮುಂಚೆ ಒಂದು ಕಿರುಪ್ರಬಂಧವನ್ನು ಬರೆದು ಒಪ್ಪಿಸಬೇಕಾಗಿತ್ತು. ಪಾಠದಲ್ಲಿ ಅಮೆರಿಕದ ಅಂತರ್ಯುದ್ಧ ಬಂದಿತ್ತು. ಮನೆಯಲ್ಲಿ ಹುಟ್ಟಿದಂದಿನಿಂದ ನೂಲಿನ ಸಹವಾಸ. ಎರಡನ್ನೂ ಗಂಟುಹಾಕಿ ‘ಅಮೆರಿಕದ ಅಂತರ್ಯುದ್ಧವೂ ನಮ್ಮ ಸೀಮೆಯ ಹತ್ತಿಯೂ’ ಎಂಬ ವಿಷಯವನ್ನು ತಾನೇ ಆರಿಸಿಕೊಂಡಿದ್ದ. ನಾನು ಕನ್ನಡ ಕಲಿಸುವವನು. ಪಂಪ ರನ್ನರ ಸಂಗಡ ಬಾಳುವೆ ಮಾಡಿದವನೇ ಹೊರತು ಲಿಂಕನ್ನನ ಪರಿಚಯ ನನಗೆ ಅಷ್ಟಕ್ಕಷ್ಟೆ. ನನ್ನಲ್ಲಿಗೆ ಇವನು ಏಕೆ ಬಂದನೆಂದು ಯೋಚಿಸುತ್ತಿದ್ದಾಗ ಅವನು ಚೀಲದಿಂದ ವಹಿ ತೆಗೆದು ಒಂದು ವಾಕ್ಯವನ್ನು ಓದಿದ: “ಅಮೆರಿಕದ ಯುದ್ಧದ ಕಾಲದಲ್ಲಿ ಬಿಳಗಿ ಸೀಮೆಯ ಒಕ್ಕಲಿಗರ ಕೈಯಲ್ಲಿ ಎಷ್ಟು ಹಣವಿತ್ತೆಂದರೆ, ಅವರು ತಮ್ಮ ಚಕ್ಕಡಿಯ ಗಾಲಿಗಳಿಗೆ ಕಬ್ಬಿಣದ ಬದಲು ಬೆಳ್ಳಿಯ ಪಟ್ಟಿ ಹಾಕಿಸಿದ್ದರು.”

“ಸರ, ಈ ಮಾತು ಮೂರು ಪುಸ್ತಕದಾಗ ಐತ್ರಿ,” ಎಂದ. “ಮೂರನೇದು ಎರಡನೇದರ ಹೆಸರು ಹೇಳತೈತಿ. ಎರಡನೇದು ಒಂದನೇದರ ಹೆಸರು ಹೇಳತೈತಿ. ಒಂದನೇದು ಬರದವರು ನೀವು. ನಿಮಗ ಇದು ಎಲ್ಲಿ ಸಿಕ್ತ್ರಿ?”

ನನಗೆ ಮೊದಲು ಅಭಿಮಾನವೇ ಆಯಿತೆಂದು ಹೇಳಬೇಕು. ಹದಿನೆಂಟು ವರ್ಷದ ಕೆಳಗೆ ಒಂದು ಸ್ಮರಣ ಸಂಚಿಕೆಗೆ ಬರೆದ ಲೇಖನ ಇನ್ನೂ ಬದುಕಿದೆ, ಮತ್ತೊಬ್ಬರ ಅಡಿಟಿಪ್ಪಣಿಯಲ್ಲಿ ಕುಳಿತಿದೆ ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಆ ಸಂತೋಷದಲ್ಲಿಯೇ, “ನಮ್ಮ ಆಯಿ ಹೇಳಿದ್ದಳಪಾ,” ಎಂದೆ.

ಹುಡುಗ ಪೆನ್ನು ತೆಗೆದ. “ಹಂಗಾರ ಅಡಿಟಿಪ್ಪಣಿಯಾಗ ಆಯಿ ಹೆಸರು ಬರೀಲೇನ್ರಿ?”

ಚಹ ತಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ನನಗೆ ನಗು ಬರಲಿಲ್ಲ.

ಇಲ್ಲಿ ವಾಚಕರಿಗೆ ಹಿಂದಿನ ಸಂಗತಿಯನ್ನು ತುಸು ಹೇಳಬೇಕು. ೧೮೬೧ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಮೊದಲಾಯಿತು. ಅದೇ ತಿಂಗಳು ಲಿಂಕನ್ನನು ದಕ್ಷಿಣದ ಬಂದರುಗಳಿಗೆಲ್ಲ ದಿಗ್ಬಂಧನವನ್ನು ಸಾರಿದ. ಆ ಬಂದರುಗಳಿಂದ ಹೊರಡುತ್ತಿದ್ದುದು ಹತ್ತಿ. ಗುಲಾಮರ ಬೆವರಿನಿಂದ ಬೆಳೆದ ಹತ್ತಿ. ಇಂಗ್ಲೆಂಡಿನ ಗಿರಣಿಗಳು ನೂಲುತ್ತಿದ್ದ ಅರಳೆಯಲ್ಲಿ ಮುಕ್ಕಾಲು ಪಾಲು ಅಲ್ಲಿಂದ ಬರುತ್ತಿತ್ತು. ಅದು ನಿಂತೊಡನೆ ಲ್ಯಾಂಕಶಾಯರಿನ ಮಗ್ಗಗಳು ನಿಂತವು. ಗಿರಣಿಯ ಧಣಿಗಳ ಕಣ್ಣು ಮುಂಬಯಿಯ ಕಡೆಗೆ ತಿರುಗಿತು. ಮುಂಬಯಿಯಲ್ಲಿ ಹತ್ತಿಯ ಧಾರಣೆ ಹಲವು ಪಟ್ಟು ಏರಿತು, ಹಣ ಹೊಳೆಯಾಗಿ ಹರಿಯಿತು. ೧೮೬೫ರಲ್ಲಿ ಯುದ್ಧ ಮುಗಿದ ಸುದ್ದಿ ಬಂದದ್ದೇ ತಡ, ಆ ಹೊಳೆ ಬತ್ತಿ ದೊಡ್ಡ ದೊಡ್ಡ ಕುಳಗಳು ದಿವಾಳಿಯೆದ್ದವು.

ನಮ್ಮ ಕರಿಯ ಭೂಮಿಗೂ ಅಮೆರಿಕಕ್ಕೂ ನಂಟು ಅದಕ್ಕಿಂತ ಹಳೆಯದು. ೧೮೪೦ರಲ್ಲಿ ಕಂಪನಿ ಸರಕಾರ ಹತ್ತಿ ಬೆಳೆಯುವುದನ್ನು ಕಲಿಸಲೆಂದು ಅಮೆರಿಕದಿಂದ ಹತ್ತು ಮಂದಿ ಬೆಳೆಗಾರರನ್ನು ಕರೆಸಿತ್ತು. ೧೮೪೨ರಿಂದ ಈಚೆಗೆ ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಎರೆಯಲ್ಲಿ ಬೇರೂರಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರನ್ನೇ ಪಡೆಯಿತು. ನಮ್ಮ ಜವಾರಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರು. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅಲ್ಲಿಯ ಬಂದರಿನಿಂದ ಹಡಗು ಏರುತ್ತಿತ್ತು, ಅಷ್ಟೆ. ಧಾರಣೆ ಏರಿದ ಆ ದಿನಗಳಲ್ಲಿ ಹತ್ತಿಯಲ್ಲಿ ಬೀಜ, ಮಣ್ಣು, ನೀರು ಸೇರಿಸಿ ತೂಗುವವರು ಎಷ್ಟು ಹೆಚ್ಚಿದರೆಂದರೆ, ೧೮೬೩ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸವನ್ನು ತಡೆಯಲೆಂದೇ ಕಾಯಿದೆ ಮಾಡಬೇಕಾಯಿತು. ಇವೆಲ್ಲ ಕಾಗದದ ಮೇಲೆ ಇರುವ ಸಂಗತಿಗಳು. ಬೆಳ್ಳಿಯ ಗಾಲಿ ಮಾತ್ರ ನನ್ನ ಆಯಿಯ ಬಾಯಿಂದ ಬಂದದ್ದು.

“ಮೂರು ಪುಸ್ತಕದಾಗ ಐತಿ ಅಂದಮ್ಯಾಲ ಖರೇನ ಇರಬೇಕಲ್ರಿ?” ಎಂದು ಹುಡುಗ ಮತ್ತೆ ಕೇಳಿದ.

ಈ ಪ್ರಶ್ನೆಗೆ ಉತ್ತರ ಕನ್ನಡ ಮಾಸ್ತರನಿಗೆ ತಿಳಿದಿರಲೇಬೇಕು. ಧಾರವಾಡದಲ್ಲಿ ಎಂ.ಎ. ಓದುವಾಗ ಗ್ರಂಥಸಂಪಾದನೆಯ ತರಗತಿಯಲ್ಲಿ ನಮ್ಮ ತಲೆಗೆ ಹೊಕ್ಕಿಸಿದ ಮೊದಲ ಪಾಠವೇ ಅದು: ಒಂದು ಮೂಲದಿಂದ ಇಳಿಸಿಕೊಂಡ ಹತ್ತು ಓಲೆಯ ಪ್ರತಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಮೊದಲ ಪ್ರತಿಕಾರನ ಕೈ ತಪ್ಪಿದ್ದರೆ ಉಳಿದ ಒಂಬತ್ತು ಮಂದಿ ಆ ತಪ್ಪನ್ನು ದುಂಡಗೆ ಬರೆದಿಟ್ಟಿರುತ್ತಾರೆ. ಹಳಗನ್ನಡ ಕಾವ್ಯದ ಒಂದು ಪಾಠಾಂತರಕ್ಕಾಗಿ ತರಗತಿಯಲ್ಲಿ ಮುಕ್ಕಾಲು ಗಂಟೆ ವಾದಿಸುವ ನಾನು, ನನ್ನೂರಿನ ವಿಷಯ ಬರೆಯುವಾಗ ಈ ಪಾಠವನ್ನು ಎಲ್ಲಿ ಇಟ್ಟಿದ್ದೆ? ಹುಡುಗನಿಗೆ, “ಮೂರು ಅಲ್ಲಪಾ, ಒಂದ ಅದು. ಆ ಒಂದನ್ನ ಈಗ ನಾವಿಬ್ಬರೂ ಕೂಡಿ ಶೋಧ ಮಾಡೋಣು,” ಎಂದೆ.

ಹೀಗೆ ನಮ್ಮ ಹುಡುಕಾಟ ಮೊದಲಾಯಿತು. ಮೊದಲು ಹಿಡಿದದ್ದು ಕ್ಯಾಂಬೆಲ್ ಸಾಹೇಬರು ಸಂಪಾದಿಸಿದ ಮುಂಬಯಿ ಗೆಝೆಟಿಯರಿನ ಸಂಪುಟಗಳು. ಧಾರವಾಡದ್ದೂ ಬಿಜಾಪುರದ್ದೂ ೧೮೮೪ರಲ್ಲಿ ಹೊರಬಂದವು. ಅವನ್ನು ಓದುವುದಕ್ಕೆ ಒಂದು ಹದ ಬೇಕೆಂದು ಹುಡುಗನಿಗೆ ಹೇಳಿದೆ. ಎಷ್ಟು ಎಕರೆ, ಎಷ್ಟು ರೂಪಾಯಿ ಎಂಬ ಲೆಕ್ಕಗಳಲ್ಲಿ ಅವು ಬಹಳ ಉಪಯುಕ್ತ. ಕಂದಾಯದ ಸರಕಾರಕ್ಕೆ ಆ ಲೆಕ್ಕ ತಪ್ಪಿದರೆ ನಡೆಯುವುದಿಲ್ಲ. ಆದರೆ ರೈತ ಸುಖವಾಗಿದ್ದನೆಂದು ಅವು ಹೇಳುವಾಗ, ಆ ಮಾತಿನ ಹಿಂದೆ ‘ಆದ್ದರಿಂದ ಕಂದಾಯ ಭಾರವಲ್ಲ’ ಎಂಬ ಇನ್ನೊಂದು ಮಾತು ಅಡಗಿದೆಯೇ ಎಂದು ನೋಡಬೇಕು. ನಮ್ಮ ಮುಧೋಳದ ರನ್ನನನ್ನೇ ತೆಗೆದುಕೊಳ್ಳಿ. ೯೪೯ರಲ್ಲಿ ಮುದುವೊಳಲಿನಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದನೆಂದು ನಮಗೆ ತಿಳಿದಿರುವುದು ೯೯೩ರ ಅವನ ‘ಅಜಿತಪುರಾಣ’ದಿಂದ. ತನ್ನ ಕಾವ್ಯವನ್ನು ತಾನೇ ಹೊಗಳಿಕೊಳ್ಳುವುದರಲ್ಲಿ ಅವನು ಹಿಂದೆ ಬಿದ್ದವನಲ್ಲ. ಅಲ್ಲಿ ಅವನ ಮಾತಿಗೆ ತುಸು ಸೋಡಿ ಬಿಡಬೇಕು. ಆದರೆ ಬಳೆಗಾರನ ಮಗನೆಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಲಾಭವೇನು? ಅಲ್ಲಿ ಪೂರ್ತಿ ನಂಬಬಹುದು. ಒಬ್ಬನೇ ಸಾಕ್ಷಿ ಒಂದು ಮಾತಿಗೆ ಗಟ್ಟಿ, ಇನ್ನೊಂದಕ್ಕೆ ಸಡಿಲ.

ಗೆಝೆಟಿಯರಿನಿಂದ ಹಿಂದಕ್ಕೆ, ಮೂಲ ಕಾಗದಗಳಿಗೆ ಹೋಗೋಣವೆಂದರೆ ನಮ್ಮ ಸೀಮೆಯ ಭೂಗೋಲವೇ ಅಡ್ಡ ಬಂತು. ಇಂದು ಬಸ್ಸು ಹತ್ತಿದರೆ ಒಂದು ಮುಂಜಾನೆಯಲ್ಲಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಬಿಳಗಿ ಎಲ್ಲವನ್ನೂ ಸುತ್ತಿ ಬರಬಹುದು. ಎಲ್ಲವೂ ಬಾಗಲಕೋಟೆ ಜಿಲ್ಲೆಯವು. ಆದರೆ ೧೮೬೧ರಲ್ಲಿ? ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿಯ ಪಟವರ್ಧನರಿಗೆ ಸೇರಿದ್ದು. ಅದರ ಮಗ್ಗುಲಲ್ಲೇ ಇರುವ ಬನಹಟ್ಟಿ ಜಮಖಂಡಿಗೆ. ಬಿಳಗಿ ನೇರವಾಗಿ ಇಂಗ್ಲಿಷರ ಆಳ್ವಿಕೆ. ಬಿಳಗಿಯ ಕಾಗದ ಬೇಕೆಂದರೆ ‘ಬಿಜಾಪುರ ಜಿಲ್ಲೆ’ ಎಂದು ಹುಡುಕಿ ಪ್ರಯೋಜನವಿಲ್ಲ. ೧೮೬೪ರವರೆಗೆ ಅದು ಬೆಳಗಾವಿಯ ಕಲೆಕ್ಟರನ ಕೈಕೆಳಗೆ, ಆಮೇಲೆ ಕಲಾದಗಿ ಜಿಲ್ಲೆಯಲ್ಲಿ. ಸಂಸ್ಥಾನಗಳ ಸಂಗತಿಯಾದರೋ ಕೊಲ್ಲಾಪುರದಲ್ಲಿ ಕುಳಿತ ಪೊಲಿಟಿಕಲ್ ಏಜಂಟನ ಪತ್ರಗಳಲ್ಲಿ. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, ೧೯೫೬ರಲ್ಲಿ ನಾವು ಕನ್ನಡ ನಾಡಿಗೆ ಬಂದೆವು. ನಮ್ಮ ಸಂಗಡ ನಮ್ಮ ಕಾಗದಗಳೆಲ್ಲ ಬರಲಿಲ್ಲ. ಮುಂಬಯಿಯ ಪತ್ರಾಗಾರ, ಕೊಲ್ಲಾಪುರದ ದಫ್ತರ ಎಂದು ಅಲೆಯಬೇಕು. ಅಲೆದು ಗಂಟು ಬಿಚ್ಚಿದರೆ ಒಳಗಿರುವುದು ಮೋಡಿ ಲಿಪಿಯ ಮರಾಠಿ. ನಾನು ಹಳಗನ್ನಡ ಓದಬಲ್ಲೆ. ಮೋಡಿಯ ಮುಂದೆ ನಿರಕ್ಷರಿ.

ಇದಕ್ಕಿಂತ ಸೋಜಿಗದ ಸಂಗತಿಯನ್ನು ಹುಡುಗ ಒಂದು ವಾರದ ಮೇಲೆ ತಂದ. ನಮ್ಮ ಮನೆಯ ಹಿತ್ತಲ ಸಂಸ್ಥಾನದ ಕಾಗದ ಕೈಗೆ ಹತ್ತದಿದ್ದರೂ ಸಮುದ್ರದ ಆಚೆಯ ಅಮೆರಿಕದ ಕಾಗದಗಳನ್ನು ಅವನು ತನ್ನ ಕೈಯಲ್ಲಿಯ ಫೋನಿನಲ್ಲಿಯೇ ತೆರೆದು ತೋರಿಸಿದ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾಭಂಡಾರ ಹಳೆಯ ಪತ್ರ, ಪತ್ರಿಕೆ, ಚಿತ್ರಗಳನ್ನು ಜಗತ್ತಿಗೆಲ್ಲ ಪುಕ್ಕಟೆ ತೆರೆದಿಟ್ಟಿದೆ. “ಅವರ ಸುದ್ದಿ ನಮಗ ಸಿಗತೈತಿ, ನಮ್ಮ ಸುದ್ದಿ ನಮಗ ಸಿಗೂದುಲ್ಲ,” ಎಂದು ಹುಡುಗ ಹೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಆದರೆ ಸಿಕ್ಕಿದ್ದೆಲ್ಲ ನಂಬಿಗೆಗೆ ತಕ್ಕದ್ದೇ? ೧೮೬೦ರ ಅಮೆರಿಕದ ಜನಗಣತಿಯನ್ನು ನೋಡಿದೆವು. ಸರಕಾರದ್ದೇ ಲೆಕ್ಕ. ಗುಲಾಮರ ಸಂಖ್ಯೆ ಹತ್ತಿರ ಹತ್ತಿರ ನಾಲ್ವತ್ತು ಲಕ್ಷ. ಆದರೆ ಗುಲಾಮರ ಪಟ್ಟಿಯಲ್ಲಿ ಹೆಸರಿರುವುದು ಒಡೆಯನದು. ಅವನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ ಸಾಲುಸಾಲಾಗಿ ಬರೆದಿದೆ; ಆ ಮನುಷ್ಯರಿಗೆ ಹೆಸರೇ ಇಲ್ಲ. ಲೆಕ್ಕ ಸುಳ್ಳಲ್ಲ, ಆದರೂ ಅದನ್ನು ಓದಿ ಅವರನ್ನು ಬಲ್ಲೆವೆಂದು ಹೇಳಲಾರೆವು.

ಹಾಗಾದರೆ ಆ ಜನರ ಬಾಯಿಂದಲೇ ಕೇಳಬಹುದಲ್ಲ? ಕೇಳಿದ್ದಾರೆ. ೧೯೩೬ರಿಂದ ೧೯೩೮ರ ವರೆಗೆ ಅಮೆರಿಕದ ಸರಕಾರ ಲೇಖಕರನ್ನು ಊರೂರಿಗೆ ಅಟ್ಟಿ, ಗುಲಾಮಗಿರಿಯನ್ನು ಕಂಡು ಇನ್ನೂ ಬದುಕಿದ್ದ ಮುದುಕ ಮುದುಕಿಯರಿಂದ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಹೇಳಿಕೆಗಳನ್ನು ಬರೆಸಿಕೊಂಡಿತು. ಅವುಗಳಲ್ಲಿ ಚಾರ್ಲ್‌ಸ್ಟನ್ ಪಟ್ಟಣದ ಸೂಸನ್ ಹ್ಯಾಮ್ಲಿನ್ ಎಂಬ ಮುದುಕಿಯ ಹೇಳಿಕೆ ಎರಡು ಬಾರಿ ಬಂದಿದೆ. ಒಮ್ಮೆ ಕೇಳಿದವಳು ಬಿಳಿಯ ಹೆಂಗಸು. ಅವಳಿಗೆ ಮುದುಕಿ, ತನ್ನ ಒಡೆಯ ಒಳ್ಳೆಯವನಿದ್ದ, ಚೆನ್ನಾಗಿ ನೋಡಿಕೊಂಡ ಎಂದಳು. ಇನ್ನೊಮ್ಮೆ ಕೇಳಿದವನು ಕರಿಯರವನು. ಅವನಿಗೆ ಹೊಡೆತದ ಕಥೆ, ತಾಯಿ ಮಕ್ಕಳನ್ನು ಅಗಲಿಸಿ ಮಾರಿದ ಕಥೆ ಹೇಳಿದಳು. ಬಿಳಿಯ ಹೆಂಗಸು ಬಡವರಿಗೆ ಸಹಾಯ ಕೊಡುವ ಕಚೇರಿಯಿಂದ ಬಂದಿದ್ದಾಳೆಂದು ಮುದುಕಿ ತಿಳಿದಿದ್ದಳಂತೆ. ಸಹಾಯ ಕೊಡುವ ಕೈಯ ಮುಂದೆ ಯಾವ ಬಡವಿ ತಾನೆ ಕಹಿ ಮಾತಾಡುತ್ತಾಳೆ? ಹೇಳಿದವಳು ಒಬ್ಬಳೇ, ಕೇಳಿದವರು ಬೇರೆ, ಕಥೆಯೂ ಬೇರೆಯಾಯಿತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸೂಸನ್ ಹ್ಯಾಮ್ಲಿನ್ನಳ ಜಾಗದಲ್ಲಿ ನನ್ನ ಆಯಿ ಬಂದು ಕುಳಿತಿದ್ದಳು.

ನಮ್ಮ ಊರು ಬಿಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲೆ ಇತ್ತು. ‘ಇತ್ತು’ ಎಂದೇ ಹೇಳಬೇಕು. ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರು ಬಂದು ಆ ಊರು ಮುಳುಗಡೆಯಾಯಿತು; ಮನೆ, ಹೊಲ, ಬಾವಿ, ಹನುಮಪ್ಪನ ಕಟ್ಟೆ ಎಲ್ಲವೂ ನೀರಿನ ಕೆಳಗೆ ಹೋದವು. ಜನ ಪುನರ್ವಸತಿ ಕೇಂದ್ರಕ್ಕೆ ಬಂದು ಸಾಲುಮನೆಗಳಲ್ಲಿ ಸೇರಿದರು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಮುಳುಗಿದ ಊರಿನ ನೆನಪಿಗೊಂದು ಸಂಚಿಕೆ ತರಬೇಕೆಂದು ಗೆಳೆಯರು ಹೊರಟರು, ಎಂ.ಎ. ಆದವನು ನಾನೊಬ್ಬನೇ, ಊರಿನ ಇತಿಹಾಸ ನನ್ನ ಪಾಲಿಗೆ ಬಂತು. ಇತಿಹಾಸವೆಂದರೆ ಏನಿತ್ತು? ಶಾಸನವಿಲ್ಲ, ಕೋಟೆಯಿಲ್ಲ, ರಾಜ ಬಂದು ಹೋದ ಸುದ್ದಿಯಿಲ್ಲ. ನೀರಿನ ಕೆಳಗೆ ಮಲಗಿದ ಊರಿಗೆ ಒಂದಾದರೂ ವೈಭವದ ದಿನ ಇರಬೇಕೆಂದು ನನ್ನ ಮನಸ್ಸು ಹಂಬಲಿಸುತ್ತಿತ್ತು. ವಹಿ ಹಿಡಿದು ಆಯಿಯ ಮುಂದೆ ಕುಳಿತೆ. ಅವಳು ಬೆಳ್ಳಿಯ ಮಾತು ಹೇಳಿದಳು.

ನಿಜವಾಗಿ ಆಯಿ ಏನೆಂದು ಹೇಳಿದ್ದಳು? ನೆನಪಿನ ಮೇಲೆ ನನಗೆ ಈಗ ಭರವಸೆ ಇರಲಿಲ್ಲ. ಆ ಹೊತ್ತು ಬದಿಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತೆ, ಅಪ್ಪನ ತಂಗಿ, ಇನ್ನೂ ಇದ್ದಾಳೆ. ಅವಳನ್ನೇ ಕೇಳುವುದೆಂದು ಗೊತ್ತುಮಾಡಿದೆ.

ಅದಕ್ಕೆ ಮುಂಚೆ ಒಂದು ಭಾನುವಾರ ಹುಡುಗನ ಒತ್ತಾಯಕ್ಕೆ ಬನಹಟ್ಟಿಗೆ ಹೋದೆ. ಓಣಿಗೆ ಕಾಲಿಡುತ್ತಲೇ ಮಗ್ಗದ ಸದ್ದು. ಆ ಊರಿನಲ್ಲಿ ಮಾತು ಸಹ ಆ ಸದ್ದಿನ ತಾಳಕ್ಕೆ ನಡೆಯುತ್ತದೆ. ಹುಡುಗನ ತಂದೆ ಮಗ್ಗ ನಿಲ್ಲಿಸಿ, “ಬರ್ರಿ ಮಾಸ್ತರ್ರ, ಕೂಡ್ರಿ,” ಎಂದು ಚಾಪೆ ಹಾಸಿದರು. ಮಗನ ಪ್ರಬಂಧದ ಸುದ್ದಿ ಅವರಿಗೂ ಗೊತ್ತಿತ್ತು. ಒಂದು ಸೀರೆಯ ಮಡಿಕೆ ಬಿಚ್ಚಿ ನನ್ನ ಮುಂದೆ ಹರವಿದರು. ಚೆನ್ನಾಗಿದೆ ಎಂದೆ. “ಎಲ್ಲಾರೂ ಹಂಗ ಅಂತಾರ್ರಿ. ಸೀರಿ ಪರೀಕ್ಷಾ ಮಾಡೂದಾದ್ರ ಹೊಳ್ಳಿಸಿ ನೋಡಬೇಕ್ರಿ,” ಎಂದು ಸೀರೆಯನ್ನು ತಿರುವಿ ಹಾಕಿದರು. ಹಿಂಬದಿಯಲ್ಲಿ ಎಲ್ಲಿ ಎಳೆ ಕಡಿದು ಗಂಟು ಹಾಕಿದ್ದಾರೆ, ಎಲ್ಲಿ ಹೊಕ್ಕು ತಪ್ಪಿದೆ ಎಲ್ಲವೂ ಕಾಣುತ್ತಿತ್ತು. “ಗಂಟು ಇಲ್ಲದ ಸೀರಿ ಇಲ್ರಿ. ಎಲ್ಲೈತಿ ಅನ್ನೂದು ಗೊತ್ತಿದ್ರ ಸಾಕು, ದರ ಹೇಳಬಹುದು.” ತಮ್ಮ ಕಸುಬಿನ ಮಾತನ್ನು ಅವರು ಸಹಜವಾಗಿ ಹೇಳಿದರು. ಗ್ರಂಥಸಂಪಾದನೆಯ ದೊಡ್ಡ ಹೊತ್ತಗೆಗಳಲ್ಲಿ ನಾನು ಕಲಿತದ್ದೂ ಇದಕ್ಕಿಂತ ಬಹಳ ಬೇರೆಯೇನಲ್ಲ.

ಬರುವಾಗ ಬಸ್ಸಿನಲ್ಲಿ ನಮ್ಮ ಸೀಮೆಯ ಇನ್ನೊಂದು ಸೀರೆ ನೆನಪಾಯಿತು: ಹಲಗಲಿ. ೧೮೫೭ರಲ್ಲಿ ಇಂಗ್ಲಿಷ್ ಸರಕಾರ ಜನರ ಆಯುಧಗಳನ್ನು ಕಸಿಯಲು ಹೊರಟಾಗ ಮುಧೋಳ ಸಂಸ್ಥಾನದ ಆ ಹಳ್ಳಿಯ ಬೇಡರು ಕೊಡೆವೆಂದು ನಿಂತರು. ನವೆಂಬರಿನ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಸರಕಾರದ ಕಾಗದದಲ್ಲಿ ಅದು ‘ದಂಗೆ’. ಆದರೆ ಜನ ಅದನ್ನು ಲಾವಣಿ ಕಟ್ಟಿ ಹಾಡಿದರು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಇಂದಿಗೂ ನಮ್ಮ ಶಾಲೆಯ ಹುಡುಗರ ಬಾಯಲ್ಲಿ ಇರುವುದು ಆ ಹಾಡಿನಿಂದ. ಮತ್ತೆ ಆ ಲಾವಣಿಯನ್ನು ೧೮೮೦ರ ದಶಕದಲ್ಲಿ ಮೊದಲು ಅಚ್ಚಿಗೆ ತಂದವನು ಯಾರು? ಫ್ಲೀಟ್ ಸಾಹೇಬ, ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ. ಹಾಡುಗಾರ ಅವನ ಮುಂದೆ ಏನನ್ನು ಹಾಡಿದನೋ, ಏನನ್ನು ನುಂಗಿದನೋ! ಆದರೂ ಆ ಪಾಠ ಇಲ್ಲದಿದ್ದರೆ ನಾವು ಎಷ್ಟು ಬಡವರಾಗುತ್ತಿದ್ದೆವು! ಕಾಗದ ಲೆಕ್ಕ ಕೊಟ್ಟಿತು, ಹಾಡು ಹೆಸರು ಕೊಟ್ಟಿತು. ಎರಡನ್ನೂ ಹೊಳ್ಳಿಸಿ ನೋಡಿ ಪಕ್ಕದಲ್ಲಿಟ್ಟುಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲ.

ಮರುವಾರ ಅತ್ತೆಯ ಮನೆಗೆ ಹೋದೆವು. ಹುಡುಗನೂ ಸಂಗಡ ಇದ್ದ. ಈ ಸಲ ನಾನು ಏನನ್ನೂ ಸೂಚಿಸಬಾರದೆಂದು ಹಟ ತೊಟ್ಟಿದ್ದೆ. “ಅತ್ತಿ, ಆಯಿ ಬೆಳ್ಳಿ ಪಟ್ಟಿ ಸುದ್ದಿ ಹೇಳತಿದ್ದಳಲ್ಲ, ಅದು ಹೆಂಗ?” 

ಅತ್ತೆ ಮೊರ ಕೆಳಗಿಟ್ಟಳು. “ಹತ್ತಿಗೆ ಬಂಗಾರದ ಧಾರಣಿ ಬಂದ ವರ್ಷ ನಮ್ಮ ಮನೆತನದಾಗ ಎತ್ತಿನ ಮುಂಗಾಲಿಗೆ ಬೆಳ್ಳಿ ಪಟ್ಟಿ ಹಾಕಿದ್ರಂತ, ಕಾರಹುಣ್ಣಿವಿ ದಿನ. ಹಂಗ ಹೇಳತಿದ್ದಳು.”

“ಗಾಲಿಗೆ ಅಲ್ಲಾ?”

“ಗಾಲಿಗೆ ಯಾರರೆ ಬೆಳ್ಳಿ ಹಾಕ್ತಾರೇನೊ ಹುಚ್ಚಪ್ಪಾ! ಎರಡ ದಿನಕ್ಕ ಸವದ ಹೋಗತೈತಿ. ಮುಂಗಾಲಿಗೆ.”

ಮುಂಗಾಲಿಗೆ, ಗಾಲಿಗೆ. ಕಕಾರಕ್ಕೆ ಗಕಾರ ಬರುವ ಆದೇಶಸಂಧಿಯನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆದು ಕಲಿಸುವ ಮಾಸ್ತರ, ಹಲ್ಲಿಲ್ಲದ ಆಯಿಯ ಬಾಯಿಂದ ಬಂದ ಸಂಧಿಯನ್ನು ಬಿಡಿಸಲಾರದೆ ಎತ್ತಿನ ಕಾಲನ್ನು ಚಕ್ಕಡಿಯ ಗಾಲಿ ಮಾಡಿದ್ದೆ! ಹುಡುಗ ಮುಖ ತಿರುವಿ ನಗುವನ್ನು ತಡೆದುಕೊಂಡ.

ಆದರೆ ಹೆಚ್ಚಿನ ಪೆಟ್ಟು ಇನ್ನೂ ಬರಲಿತ್ತು. “ಆ ವರ್ಷ ಅಮೆರಿಕಾದಾಗ ಲಡಾಯಿ ನಡದಿತ್ತು ಅಂತ ಹೇಳಿದಳಲ್ಲ?” ಎಂದು ಹಟ ಮರೆತು ನಾನೇ ಕೇಳಿಬಿಟ್ಟೆ.

“ಅಕಿ ಎಲ್ಲಿ ಅಂದ್ಲು? ನೀ ಕೇಳಿದಿ, ‘ಅಮೆರಿಕಾ ಲಡಾಯಿ ಏನ ಆಯಿ’ ಅಂತ. ಮೊಮ್ಮಗ ಶಾಣ್ಯಾ ಅದಾನ, ಕೇಳಾಕತ್ಯಾನ ಅಂತ ‘ಹೂಂ, ಇರಬೇಕು’ ಅಂದ್ಲು. ಅಕಿಗೆ ಅಮೆರಿಕಾ ಎಲ್ಲೈತಿ ಅಂತ ಏನ ಗೊತ್ತು?”

ನಾನು ಸುಮ್ಮನೆ ಕುಳಿತೆ. ಆ ಸಂಜೆಯ ಚಿತ್ರ ಈಗ ಸ್ಪಷ್ಟವಾಗಿ ಕಣ್ಣಿಗೆ ಕಟ್ಟಿತು. ಮುಂಬಯಿಯ ಹತ್ತಿಯ ಧಾರಣೆಯ ಸಂಗತಿಯನ್ನು ಆಗಷ್ಟೇ ಎಲ್ಲಿಯೋ ಓದಿದ್ದೆ. ಹತ್ತಿ ಬೆಳೆಯುವ ಬೇರೆ ಸೀಮೆಗಳ ಬಗೆಗೆ ಬೆಳ್ಳಿಯ ಗಾಲಿಗಳ ಕಥೆಯನ್ನೂ ಓದಿದ್ದಿರಬೇಕು, ಅಂಥ ಕಥೆಗಳು ಪುಸ್ತಕಗಳಲ್ಲಿ ಇವೆ. ಆ ಕಥೆಯ ಅಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಆಯಿಯ ಮುಂದೆ ಕುಳಿತೆ. ಅವಳ ಮಾತನ್ನು ಅದರಲ್ಲಿ ಎರಕ ಹೊಯ್ದೆ. ಆಯಿ ಸುಳ್ಳು ಹೇಳಲಿಲ್ಲ. ಪ್ರೀತಿಯಿಂದ ‘ಹೂಂ’ ಎಂದಳು. ಅವಳು ಹೇಳಿದ ವರ್ಷ ೧೮೬೨ ಇರಬಹುದು. ಅವಳ ತಂದೆಯ ಕಾಲದ ಮಹಾಯುದ್ಧವೂ ಇರಬಹುದು. ಯಾವ ಯುದ್ಧವೂ ಇಲ್ಲದ ಒಂದು ಒಳ್ಳೆಯ ಮಳೆಯ ವರ್ಷವೂ ಇರಬಹುದು. ಕೇಳೋಣವೆಂದರೆ ಆಯಿ ಇಲ್ಲ. ಹೊಲ, ಗೋದಲಿ, ಗಾಲಿ ಎಲ್ಲವೂ ನೀರಿನ ಕೆಳಗೆ.

ಬಸ್ಸಿಗೆ ಕಾಯುವಾಗ ಹುಡುಗ, “ಹಂಗಾರ ಆಯಿ ಹೇಳಿದ್ದು ಪೂರಾ ತಗದ ಹಾಕಲೇನ್ರಿ ಸರ?” ಎಂದ. ಅವನ ದನಿಯಲ್ಲಿ ನನ್ನ ಮೇಲೆ ಕರುಣೆಯಿತ್ತು.

“ಬ್ಯಾಡ,” ಎಂದೆ. ಅವನಿಗೆ ಹ್ಯಾರಿಯೆಟ್ ಜೇಕಬ್ಸಳ ಕಥೆಯನ್ನು ನೆನಪು ಮಾಡಿಕೊಟ್ಟೆ. ಅವನೇ ನನಗೆ ಓದಲು ಕೊಟ್ಟಿದ್ದ ಪುಸ್ತಕ. ಗುಲಾಮಳಾಗಿ ಹುಟ್ಟಿದ ಆಕೆ ಒಡೆಯನಿಂದ ತಪ್ಪಿಸಿಕೊಂಡು ತನ್ನ ಅಜ್ಜಿಯ ಮನೆಯ ಮಾಡಿನ ಕೆಳಗಿನ ಇಕ್ಕಟ್ಟಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ೧೮೬೧ರಲ್ಲಿ ಬೇರೆ ಹೆಸರಿಟ್ಟುಕೊಂಡು ಆ ಕಥೆಯನ್ನು ಅಚ್ಚು ಹಾಕಿಸಿದಳು. ಗುಲಾಮಳು ಹೀಗೆ ಬರೆಯುವುದುಂಟೇ, ಯಾರೋ ಬಿಳಿಯ ಲೇಖಕಿ ಹೆಣೆದ ಕಾದಂಬರಿಯೆಂದು ಬಹುಕಾಲ ವಿದ್ವಾಂಸರು ತಳ್ಳಿಹಾಕಿದ್ದರು. ೧೯೮೦ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಎಂಬ ವಿದುಷಿ ಹಳೆಯ ಪತ್ರಗಳನ್ನು ಹುಡುಕಿ ತೆಗೆದು, ಬರೆದವಳು ಜೇಕಬ್ಸಳೇ, ಕಥೆ ಅವಳ ಬದುಕೇ ಎಂದು ತೋರಿಸಿಕೊಟ್ಟಳು. ಕಥೆಯಂತೆ ಕಂಡ ಮಾತ್ರಕ್ಕೆ ಸುಳ್ಳೆನ್ನುವುದೂ, ಅಚ್ಚಾದ ಮಾತ್ರಕ್ಕೆ ನಿಜವೆನ್ನುವುದೂ ಒಂದೇ ಬಗೆಯ ಸೋಮಾರಿತನ.

“ಆಯಿ ಹೇಳಿದ್ದನ್ನ ಆಯಿ ಹೇಳಿದಂಗ ಬರಿ,” ಎಂದೆ. “ಯಾರು ಹೇಳಿದರು, ಯಾರ ಮುಂದ ಹೇಳಿದರು, ಕೇಳಿದವನು ಯಾವ ಆಸೆ ಇಟಗೊಂಡು ಕೇಳಿದ, ಎಲ್ಲಾ ಬರಿ. ಅಮೆರಿಕಾ ಅನ್ನೂದು ಕೇಳಿದವನ ಮಾತು, ಆಯಿ ಮಾತಲ್ಲ ಅಂತ ಬರಿ.”

ಹುಡುಗನ ಪ್ರಬಂಧ ಮುಗಿಯಿತು. ಗಾಲಿ ಹೋಗಿ ಅದರಲ್ಲಿ ಹತ್ತಿಯ ಕಾಯಿದೆ ಬಂದಿದೆ, ನಾಲ್ಕು ಸರಕಾರಗಳ ಕಾಗದಗಳು ಎಲ್ಲೆಲ್ಲಿವೆ ಎಂಬ ಪಟ್ಟಿ ಬಂದಿದೆ. ಮುಂದೆ ಎಂ.ಎ.ಗೆ ಹೋಗಿ ಮೋಡಿ ಲಿಪಿ ಕಲಿಯುತ್ತೇನೆಂದು ಅವನು ಹೇಳುತ್ತಾನೆ. ಜಮಖಂಡಿಯ ಕಾಗದಗಳನ್ನು ಓದುವ ಒಬ್ಬ ಹುಡುಗ ಹುಟ್ಟಿದರೆ ನನ್ನ ತಪ್ಪಿಗೂ ಒಂದು ಸಾರ್ಥಕತೆ ಬಂದಂತೆ.

ಆದರೆ ತಪ್ಪು ತಪ್ಪೇ. ನನ್ನ ಲೇಖನವನ್ನು ನಂಬಿ ಬರೆದ ಇಬ್ಬರಿಗೂ ಪತ್ರ ಹಾಕಿದ್ದೇನೆ. ಒಬ್ಬರಿಂದ ಉತ್ತರ ಬಂತು: “ಇರಲಿ ಬಿಡಿ, ಓದುವವರಿಗೆ ಆ ಮಾತು ಬಹಳ ಹಿಡಿಸಿದೆ.” ಇನ್ನೊಬ್ಬರು ಬರೆದಿಲ್ಲ. ಸ್ಮರಣ ಸಂಚಿಕೆಯ ಪ್ರತಿಗಳು ಯಾರ ಯಾರ ಮನೆಯ ಅಟ್ಟದ ಮೇಲೆ ಇವೆಯೋ ತಿಳಿಯದು. ಅವನ್ನೆಲ್ಲ ಹುಡುಕಿ ತಿದ್ದಲಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಬಿಳಗಿ ಸೀಮೆಯ ಒಕ್ಕಲಿಗರು ಅಮೆರಿಕದ ಯುದ್ಧದ ಕಾಲಕ್ಕೆ ಗಾಲಿಗೆ ಬೆಳ್ಳಿ ಹಾಕಿಸಿದರೆಂಬುದಕ್ಕೆ ನನ್ನ ಹತ್ತಿರ ಆಧಾರವಿಲ್ಲ. ನನ್ನ ಆಯಿ ಹೇಳಿದ್ದು ಇಷ್ಟೇ: ಹತ್ತಿಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ, ಕಾರಹುಣ್ಣಿಮೆಯ ದಿನ, ನಮ್ಮ ಮನೆಯ ಎತ್ತುಗಳ ಮುಂಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿದ್ದರಂತೆ.